ಆಮಂತ್ರಣದಲ್ಲಿ ‘ಸಮಾಜ’ ಎಂದು ಬರೆಯುವ ಮುನ್ನ

ಮುಂಬಯಿಯ ತುಳು-ಕನ್ನಡಿಗರ ಸಂಘಗಳಿಗೆ ಆಮಂತ್ರಣ ಪತ್ರಿಕೆ, ರಸೀದಿ ಪುಸ್ತಕ, ವಾರ್ಷಿಕ ವರದಿ, ಸ್ಮರಣ ಸಂಚಿಕೆ ಇವುಗಳಿಗೆ ಅಕ್ಷರ ಜೋಡಿಸಿಕೊಡುವುದು ನನ್ನ ಕಸುಬು. ಡೊಂಬಿವಲಿ ಪೂರ್ವದಲ್ಲಿ ಒಂದು ಸಣ್ಣ ಅಂಗಡಿ; ಎದುರಿಗೆ ವಡಾಪಾವ್ ಗಾಡಿ, ಒಳಗೆ ಒಂದು ಕಂಪ್ಯೂಟರ್, ಕಟ್ಟುಗಟ್ಟಲೆ ಕಾಗದ. ಕರಡು ಈಗ ವಾಟ್ಸಾಪ್‌ನಲ್ಲಿ ಬರುತ್ತದೆ. ಕಾಗುಣಿತ ತಿದ್ದುವುದು ಸುಲಭ, ಯಾರೂ ಜಗಳಕ್ಕೆ ಬರುವುದಿಲ್ಲ. ಜಗಳ ಬರುವುದು ‘ಸಮಾಜ’ ಎಂಬ ಪದವನ್ನು ಮುಟ್ಟಿದಾಗ. ಒಂದೇ ಪುಟದಲ್ಲಿ ಅದು ನಾಲ್ಕು ಸಲ ಬಂದಿರುತ್ತದೆ, ನಾಲ್ಕು ಸಲವೂ ಬೇರೆ ಬೇರೆ ಅರ್ಥದಲ್ಲಿ. ಬರೆದ ಕಾರ್ಯದರ್ಶಿಗೆ ಎಲ್ಲವೂ ಒಂದೇ ಎನ್ನಿಸಿರುತ್ತದೆ. ಸಂಘದಲ್ಲಿ ಹೊಸದಾಗಿ ಲೇಖನಿ ಹಿಡಿದವರಿಗೆ, ಮುಖ್ಯವಾಗಿ ‘ಗೌರವ ಪ್ರಧಾನ ಕಾರ್ಯದರ್ಶಿ’ ಎಂಬ ಹುದ್ದೆ ತಲೆಗೆ ಬಂದವರಿಗೆ, ಈ ಪದವನ್ನು ಹೇಗೆ ಬಳಸಬೇಕು ಎಂದು ಇಲ್ಲಿ ಹೇಳುತ್ತಿದ್ದೇನೆ.

ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ: ನೀವು ಹೇಳುತ್ತಿರುವ ಆ ಗುಂಪಿಗೆ ರಾಜೀನಾಮೆ ಕೊಡಬಹುದೇ? ಕೊಡಬಹುದು ಎಂದಾದರೆ ಅದು ಸಂಘ, ಸಂಸ್ಥೆ, ಮಂಡಳಿ, ಸಮಿತಿ. ಏನಾದರೂ ಇರಲಿ, ‘ಸಮಾಜ’ ಬೇಡ. ಹುಟ್ಟಿನಿಂದ ಬಂದದ್ದು, ಪತ್ರ ಬರೆದು ಬಿಡಲಾಗದ್ದು ಎಂದಾದರೆ ಅದು ಸಮುದಾಯ. ಮುಂಬಯಿಯಲ್ಲಿ ಅದನ್ನೇ ಸಮಾಜ ಎನ್ನುತ್ತಾರೆ. ರಾಜೀನಾಮೆಯನ್ನು ಯಾರ ಕೈಗೆ ಕೊಡುವುದು ಎಂದೇ ತಿಳಿಯದಷ್ಟು ದೊಡ್ಡದು, ರೈಲಿನಲ್ಲಿ ನಿಮ್ಮ ಕಾಲು ತುಳಿದವನೂ ಅದರೊಳಗೆ ಇದ್ದಾನೆ ಎಂದಾದರೆ, ಅದೇ ನಿಜವಾದ, ಹಿಂದೆ ಮುಂದೆ ಏನೂ ಅಂಟಿಸದೆ ಬರೆಯಬಹುದಾದ ಸಮಾಜ. ಇನ್ನು ಫ್ಲ್ಯಾಟ್ ಮಾರಿದರೆ ಹೊರಗೆ ಬರಬಹುದಾದದ್ದು ‘ಸೊಸೈಟಿ’. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಕರಡನ್ನೇ ಎತ್ತಿಕೊಳ್ಳೋಣ. ಹೆಸರು ಬೇಡ, ಇಂಥದ್ದು ಎಲ್ಲ ಸಂಘಗಳಿಂದಲೂ ಬರುತ್ತದೆ. ‘ನಮ್ಮ ಸಮಾಜದ ವಾರ್ಷಿಕೋತ್ಸವಕ್ಕೆ ಸರ್ವ ಸಮಾಜ ಬಾಂಧವರಿಗೂ ಆದರದ ಸ್ವಾಗತ. ಸಮಾಜದ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ವಿತರಿಸಲಾಗುವುದು. ಸಮಾಜಕ್ಕೆ ಅಪಾರ ಕೊಡುಗೆ ನೀಡಿದ ಗಣ್ಯರನ್ನು ಸನ್ಮಾನಿಸಲಾಗುವುದು. ಸ್ಥಳ: ಸಮಾಜ ಮಂದಿರ.’

ಮೊದಲ ‘ಸಮಾಜ’ ನಿಜವಾಗಿ ಸಂಘ. ವಾರ್ಷಿಕೋತ್ಸವ ಸಂಘಕ್ಕೆ ಇರುತ್ತದೆ, ಸಮುದಾಯಕ್ಕೆ ವರ್ಷ ತುಂಬುವುದಿಲ್ಲ. ಹಾಗಾಗಿ ‘ನಮ್ಮ ಸಂಘದ ವಾರ್ಷಿಕೋತ್ಸವ’. ಎರಡನೆಯದು ಇನ್ನೂ ತೊಡಕಿನದು. ‘ಸಮಾಜ ಬಾಂಧವರು’ ಎಂದರೆ ಈ ಊರಿನಲ್ಲಿ ಜಾತಿಬಾಂಧವರು, ಬೇರೇನೂ ಅಲ್ಲ. ಅದರ ಹಿಂದೆ ‘ಸರ್ವ’ ಸೇರಿಸಿದರೆ ಎಲ್ಲರನ್ನೂ ಕರೆದಂತಾಗುವುದಿಲ್ಲ. ನಮ್ಮ ಜಾತಿಯ ಎಲ್ಲರನ್ನೂ ಕರೆದಂತಾಗುತ್ತದೆ. ಪಕ್ಕದ ಮನೆಯ ಮರಾಠಿ ಕುಟುಂಬಕ್ಕೂ ಆಮಂತ್ರಣ ಕೊಡುವುದಾದರೆ, ಇನ್ನೊಂದು ಸಂಘದ ಅಧ್ಯಕ್ಷರನ್ನು ಅತಿಥಿಯಾಗಿ ಕರೆದಿದ್ದರೆ, ಈ ಸಾಲು ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ‘ಸದಸ್ಯರಿಗೂ ಹಿತೈಷಿಗಳಿಗೂ ಆದರದ ಸ್ವಾಗತ’ ಎಂದರೆ ಸಾಕು.

ಮೂರನೆಯದನ್ನು ನಾನು ಫೋನ್ ಮಾಡಿ ಕೇಳುತ್ತೇನೆ. ವಿದ್ಯಾರ್ಥಿವೇತನ ಯಾರಿಗೆ? ನಿಮ್ಮ ಸಮುದಾಯದ ಮಕ್ಕಳಿಗೆ ಮಾತ್ರವೇ? ಹಾಗಿದ್ದರೆ ಸಮುದಾಯದ ಹೆಸರನ್ನೇ ಬರೆಯಿರಿ: ‘ಬಿಲ್ಲವ ಸಮಾಜದ ವಿದ್ಯಾರ್ಥಿಗಳಿಗೆ’, ‘ಬಂಟ ಸಮಾಜದ ವಿದ್ಯಾರ್ಥಿಗಳಿಗೆ’. ಎಲ್ಲ ಕನ್ನಡ ಮಕ್ಕಳಿಗೂ ಎಂದಾದರೆ ‘ಆರ್ಥಿಕವಾಗಿ ಹಿಂದುಳಿದ ವಿದ್ಯಾರ್ಥಿಗಳಿಗೆ’ ಎಂದು ನಿಲ್ಲಿಸಿ, ಸಮಾಜ ಬೇಕಿಲ್ಲ. ಹೆಸರು ಹೇಳದೆ ‘ಸಮಾಜದ’ ಎಂದಷ್ಟೇ ಬರೆದರೆ ಹೊರಗಿನ ಬಡ ಹುಡುಗ ಅರ್ಜಿ ಹಿಡಿದುಕೊಂಡು ಬರುತ್ತಾನೆ, ಮೇಜಿನ ಹಿಂದೆ ಕೂತವರು ಅವನ ಕುಲನಾಮ ನೋಡಿ ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಜಾತಿಯ ಹೆಸರು ಬರೆಯಲು ಸಂಕೋಚ, ಆದರೆ ಜಾತಿಯ ಲೆಕ್ಕ ಬಿಡಲೂ ಮನಸ್ಸಿಲ್ಲ: ಆ ಸಂಕೋಚಕ್ಕೆ ಹೊದಿಸಿದ ಶಾಲು ನಮ್ಮ ಆಮಂತ್ರಣಗಳ ಒಂಟಿ ‘ಸಮಾಜ’. ಜಾತೀಯ ಸಂಘಟನೆ ನಡೆಸುವುದು ನಿಮ್ಮ ಇಷ್ಟ. ನಡೆಸಿದ ಮೇಲೆ ಹೆಸರು ಹೇಳಿ ಬರೆಯಿರಿ ಎನ್ನುವುದು ನನ್ನ ಪಟ್ಟು.

ನಾಲ್ಕನೆಯದಾದ ‘ಸಮಾಜಕ್ಕೆ ಅಪಾರ ಕೊಡುಗೆ’ಯನ್ನು ನೇರವಾಗಿ ಅಳಿಸುತ್ತೇನೆ. ಕೊಡುಗೆ ಏನು? ಸಂಘದ ಕಟ್ಟಡಕ್ಕೆ ಲಿಫ್ಟ್ ಹಾಕಿಸಿದವರೇ? ರಾತ್ರಿ ಶಾಲೆಯಲ್ಲಿ ಹೊಟೇಲ್ ಹುಡುಗರಿಗೆ ಪಾಠ ಹೇಳಿದವರೇ? ಅದನ್ನು ಬರೆಯಿರಿ. ಒಂದು ಕಾಲದಲ್ಲಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರು ಕೂತು ಮೆಟ್ರಿಕ್ ಪಾಸಾಗಿ ಬ್ಯಾಂಕು, ಕಚೇರಿ ಸೇರಿದರು. ಅವರಿಗೆ ಪಾಠ ಹೇಳಿದವರನ್ನು ‘ಸಮಾಜಸೇವಕ’ ಎಂಬ ಒಂದೇ ಪದದಲ್ಲಿ ಮುಗಿಸಿದರೆ, ಬ್ಯಾನರ್ ಮೇಲಿನ ಹತ್ತು ಜನ ‘ಹೊಟೇಲ್ ಉದ್ಯಮಿ, ಸಮಾಜಸೇವಕ’ರ ಸಾಲಿನಲ್ಲಿ ಅವರೂ ಹನ್ನೊಂದನೆಯವರಾಗುತ್ತಾರೆ. ಈ ಊರಿನಲ್ಲಿ ಆ ಬಿರುದಿಗೆ ‘ದೇಣಿಗೆ ಕೊಟ್ಟವರು’ ಎಂದೇ ಅರ್ಥ. ದೇಣಿಗೆ ಕೊಟ್ಟವರನ್ನು ದಾನಿಗಳು ಎನ್ನುವುದರಲ್ಲಿ ಅವಮಾನವೇನಿದೆಯೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಉಳಿದದ್ದು ‘ಸ್ಥಳ: ಸಮಾಜ ಮಂದಿರ’. ಊರಿನಿಂದ ಮಗನ ಮನೆಗೆ ಬಂದ ಹಿರಿಯರೊಬ್ಬರು ಇದನ್ನು ಓದಿ ದೇವಸ್ಥಾನ ಹುಡುಕುತ್ತಾರೆ. ಮಹಾರಾಷ್ಟ್ರದಲ್ಲಿ ಸಮಾಜ ಮಂದಿರ ಎಂದರೆ ಬಡಾವಣೆಯ ಸಾರ್ವಜನಿಕ ಸಭಾಂಗಣ. ಅಲ್ಲಿ ಮದುವೆಯೂ ನಡೆಯುತ್ತದೆ, ಪೋಲಿಯೊ ಲಸಿಕೆಯನ್ನೂ ಹಾಕುತ್ತಾರೆ. ಅದು ಆ ಜಾಗದ ಹೆಸರು, ಬದಲಿಸಲಾಗದು. ಆದರೆ ‘ಸಮಾಜ ಮಂದಿರ ಸಭಾಂಗಣ’ ಎಂದು ಒಂದು ಪದ ಸೇರಿಸಿದರೆ ಹಿರಿಯರಿಗೆ ಅಲೆದಾಟ ತಪ್ಪುತ್ತದೆ.

ಈ ‘ಸಮಾಜ ಎಂದರೆ ಜಾತಿ’ ಎಂಬ ಬಳಕೆ ನಮಗೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಮರಾಠಿಯಲ್ಲಿ ಅದು ದಿನಬಳಕೆಯ ಮಾತು; ಮರಾಠಾ ಸಮಾಜ, ಮಾಳಿ ಸಮಾಜ ಎಂದು ಪತ್ರಿಕೆಗಳೂ ಬರೆಯುತ್ತವೆ. ಹಾಗೆಂದು ಎಲ್ಲವನ್ನೂ ಮರಾಠಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹುಬ್ಬಳ್ಳಿ ಧಾರವಾಡದ ಕಡೆಯವರು ವೀರಶೈವ ಸಮಾಜ, ದೈವಜ್ಞ ಸಮಾಜ ಎಂದು ಸಲೀಸಾಗಿ ಹೇಳುತ್ತಾರೆ. ಪದದ ಹಳೆಯ ಮನೆಯಲ್ಲಿ ಜಾತಿಯೂ ಇರಲಿಲ್ಲ, ನಾವು ಪಠ್ಯಪುಸ್ತಕದಲ್ಲಿ ಓದಿದ ‘ಸಮಾಜ’ವೂ ಇರಲಿಲ್ಲ. ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶದ ಪ್ರಕಾರ ಪಶುಗಳ ಗುಂಪು ‘ಸಮಜ’, ಉಳಿದವರ ಗುಂಪು ‘ಸಮಾಜ’. ನಡುವೆ ಒಂದು ದೀರ್ಘದ ಅಂತರ ಅಷ್ಟೇ, ಕರಡು ತಿದ್ದುವವಳಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಕೇ? ಗಿರ್ನಾರಿನ ಬಂಡೆಯ ಮೇಲಿರುವ ಅಶೋಕನ ಮೊದಲ ಶಾಸನದಲ್ಲಿ ಸಮಾಜ ಕೂಡಿಸಬಾರದು, ಅದರಲ್ಲಿ ಅರಸನಿಗೆ ಬಹಳ ದೋಷ ಕಾಣುತ್ತದೆ ಎಂದಿದೆ. ಅಲ್ಲಿ ಸಮಾಜವೆಂದರೆ ಜನ ನೆರೆಯುವ ಜಾತ್ರೆ, ಉತ್ಸವ. ಕೆಲವು ಸಮಾಜಗಳು ಒಳ್ಳೆಯವು ಎಂದೂ ಅದೇ ಶಾಸನ ಸೇರಿಸುತ್ತದೆ. ವಾರ್ಷಿಕೋತ್ಸವದ ಜಮಾಖರ್ಚು ನೋಡಿದ ಖಜಾಂಚಿಗಳು ಎರಡೂ ಮಾತನ್ನು ಒಪ್ಪುತ್ತಾರೆ.

ಆ ‘ನೆರೆದವರು’ ಎಂಬ ಅರ್ಥ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಬಟ್ಟೆ ತೊಟ್ಟು ಬಂತು. ಕಲ್ಕತ್ತೆಯಲ್ಲಿ ಬ್ರಹ್ಮ ಸಮಾಜ. ನಮ್ಮ ಮುಂಬಯಿಯಲ್ಲಿ 1867ರಲ್ಲಿ ಪ್ರಾರ್ಥನಾ ಸಮಾಜ. ಪುಣೆಯಲ್ಲಿ 1873ರಲ್ಲಿ ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜ. ಮತ್ತೆ ಮುಂಬಯಿಯಲ್ಲೇ 1875ರಲ್ಲಿ ದಯಾನಂದ ಸರಸ್ವತಿಯವರ ಆರ್ಯ ಸಮಾಜ. ಗಿರಗಾಂವ್ ಕಡೆಗೆ ಹೋಗುವವರಿಗೆ ‘ಪ್ರಾರ್ಥನಾ ಸಮಾಜ’ ಈಗ ಬಸ್ಸಿಳಿಯುವ ಜಾಗದ ಹೆಸರು. ಇವೆಲ್ಲ ಒಪ್ಪಿ ಸೇರಿಕೊಂಡವರ ಕೂಟಗಳು. ಯಾರೂ ಪ್ರಾರ್ಥನಾ ಸಮಾಜದವರಾಗಿ ಹುಟ್ಟಬೇಕಿರಲಿಲ್ಲ, ಬೇಡವೆನಿಸಿದರೆ ಹೊರಗೂ ಬರಬಹುದಿತ್ತು. ಅಂದರೆ ನನ್ನ ರಾಜೀನಾಮೆಯ ಪರೀಕ್ಷೆಗೆ ಇವು ಸರಿಯಾಗಿ ಅಡ್ಡ ಬರುತ್ತವೆ. ಅದಕ್ಕೆ ಉಪಾಯ ಸರಳ: ಹೆಸರಿನಲ್ಲೇ ಸಮಾಜ ಇದ್ದರೆ ಅದನ್ನು ಮುಟ್ಟಬೇಡಿ, ಪೂರ್ತಿ ಹೆಸರನ್ನು ಬರೆಯಿರಿ, ಎರಡನೆಯ ಸಲ ಬಂದಾಗಲೂ ‘ಸಮಾಜ’ ಎಂದು ಮೊಟಕು ಮಾಡಬೇಡಿ. ಫುಲೆಯವರ ಸತ್ಯಶೋಧಕ ಸಮಾಜ ಹುಟ್ಟಿದ್ದೇ ಜಾತಿಯ ಮೇಲುಕೀಳನ್ನು ಪ್ರಶ್ನಿಸುವುದಕ್ಕೆ. ಸ್ಮರಣ ಸಂಚಿಕೆಯ ಲೇಖನವೊಂದರಲ್ಲಿ ಅದು ಒಂದು ಪ್ಯಾರಾ ದಾಟುವುದರೊಳಗೆ ಬರಿಯ ‘ಸಮಾಜ’ವಾಗಿ, ಮುಂದಿನ ಪ್ಯಾರಾದ ‘ನಮ್ಮ ಸಮಾಜ’ದ ಜೊತೆ ಬೆರೆತುಹೋಗುವುದನ್ನು ಕಂಡಾಗ ಕೆಂಪು ಗೆರೆ ಎಳೆಯದೆ ಇರಲಾಗುವುದಿಲ್ಲ.

ವ್ಯಾಕರಣದ ಒಂದು ಗುರುತು ಹೇಳುತ್ತೇನೆ, ಅನುಮಾನ ಬಂದಲ್ಲಿ ಉಪಯೋಗಿಸಿ. ಬಹುವಚನ ಹಚ್ಚಿ ನೋಡುವುದು. ‘ಎಲ್ಲ ಸಮಾಜಗಳ ಮುಖಂಡರು’ ಎಂದು ಹೇಳಲು ಬಂದರೆ ನೀವು ಸಮುದಾಯದ ಮಾತಾಡುತ್ತಿದ್ದೀರಿ. ‘ಸಮಾಜದಲ್ಲಿ ಹಿಂಸೆ ಹೆಚ್ಚುತ್ತಿದೆ’ ಎಂಬಲ್ಲಿ ‘ಸಮಾಜಗಳಲ್ಲಿ’ ಎಂದರೆ ವಾಕ್ಯ ಕುಂಟುತ್ತದೆ. ಅಲ್ಲಿ ಸಮಾಜ ಒಂದೇ, ಎಲ್ಲರದು. ಅದೇ ರೀತಿ ‘ಸಮಾಜದವರು’ ಎಂದ ಕೂಡಲೇ ಅರ್ಥ ಜಾತಿಯ ಕಡೆಗೆ ವಾಲುತ್ತದೆ. ಎಲ್ಲರೂ ಎಂಬ ಅರ್ಥ ಬೇಕಿದ್ದರೆ ‘ಜನ’ ಎನ್ನಿ. ಚಿಕ್ಕ ಪದ, ಯಾರಿಗೂ ಕೋಪ ಬರುವುದಿಲ್ಲ.

ವಿಶೇಷಣ ಮಾಡುವಾಗ ಪದ ತನ್ನ ಜಾತಿ ಬಿಡುತ್ತದೆ, ಇದು ಗಮನಿಸಬೇಕಾದ ಸಂಗತಿ. ಸಾಮಾಜಿಕ ನ್ಯಾಯ, ಸಾಮಾಜಿಕ ಜಾಲತಾಣ, ಸಮಾಜವಿರೋಧಿ, ಸಮಾಜಶಾಸ್ತ್ರ ಇವುಗಳಲ್ಲಿ ಎಲ್ಲಿಯೂ ‘ನಮ್ಮವರು’ ಎಂಬ ವಾಸನೆಯಿಲ್ಲ. ಸಂಘದ ರಂಗತಂಡದವರು ‘ಸಾಮಾಜಿಕ ನಾಟಕ’ ಎಂದು ಹಾಕಿದರೆ ಪೌರಾಣಿಕವೂ ಅಲ್ಲ, ಐತಿಹಾಸಿಕವೂ ಅಲ್ಲ, ಕಿರೀಟ ಬಾಡಿಗೆಗೆ ತರಬೇಕಿಲ್ಲ ಎಂದು ಅರ್ಥ. ಜಾತಿ ಸಂಘದ ಸಭೆಯನ್ನು ‘ಸಾಮಾಜಿಕ ಸಭೆ’ ಎಂದರೆ ಮಾತ್ರ ತಪ್ಪಾಗುತ್ತದೆ. ‘ಸಮುದಾಯದ ಸಭೆ’ ಎನ್ನಬೇಕು. ಸಮಾಜಶಾಸ್ತ್ರದ ಮಾತು ಬಂದದ್ದರಿಂದ ಒಂದು ಹೆಮ್ಮೆಯ ವಿಷಯ: ಭಾರತದಲ್ಲಿ ಆ ವಿಷಯಕ್ಕೆಂದೇ ವಿಶ್ವವಿದ್ಯಾಲಯದ ವಿಭಾಗ ಮೊದಲು ತೆರೆದದ್ದು ಮುಂಬಯಿಯಲ್ಲಿ, 1919ರಲ್ಲಿ, ಪ್ಯಾಟ್ರಿಕ್ ಗೆಡ್ಡಿಸ್ ಅವರ ಕೈಯಲ್ಲಿ. ಆಮೇಲೆ ಅದನ್ನು ನಡೆಸಿದ ಜಿ.ಎಸ್. ಘುರ್ಯೆ ಅವರ ಬಳಿ ಕಲಿಯಲು ಮೈಸೂರಿನಿಂದ ಬಂದವರು ಎಂ.ಎನ್. ಶ್ರೀನಿವಾಸ್. ಜಾತಿಗಳ ಬಗ್ಗೆ ಯೋಚಿಸುವ ಪರಿಭಾಷೆಯನ್ನೇ ಬದಲಿಸಿದ ಕನ್ನಡಿಗನ ಪಾಠ ಈ ಊರಿನಲ್ಲಿ ಆಗಿತ್ತು. ನಾವು ಮಾತ್ರ ‘ಸಮಾಜ’ ಎಂದು ಜಾತಿಯನ್ನು ಮುಚ್ಚಿಡುತ್ತಿದ್ದೇವೆ.

ಈಗ ಸೊಸೈಟಿ. ಊರಿನಲ್ಲಿ ‘ಸೊಸೈಟಿಗೆ ಹೋಗಿ ಬರುತ್ತೇನೆ’ ಎಂದರೆ ಕೈಯಲ್ಲಿ ಚೀಲವೋ ಹಾಲಿನ ಕ್ಯಾನೋ ಇರುತ್ತದೆ. ಸೊಸೈಟಿ ಅಕ್ಕಿ, ಸೊಸೈಟಿ ಸಾಲ, ಹಾಲಿನ ಸೊಸೈಟಿ. ಈ ಬಗೆಯ ಸೊಸೈಟಿ ಹಳೆಯದು: ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ಅದು ಮುಂಬಯಿ ಪ್ರಾಂತ್ಯದ ಊರು. ಮುಂಬಯಿಯಲ್ಲಿ ಸೊಸೈಟಿಯೆಂದರೆ ವಾಸದ ಕಟ್ಟಡ, ಅದರ ಆಡಳಿತ ಸಮಿತಿ, ಆ ಸಮಿತಿಯ ಕೋಪ, ಎಲ್ಲವೂ. ‘ಸೊಸೈಟಿ ನೀರು ನಿಲ್ಲಿಸಿದೆ’, ‘ಸೊಸೈಟಿ ಒಪ್ಪುವುದಿಲ್ಲ’, ‘ನಮ್ಮ ಸೊಸೈಟಿಯಲ್ಲಿ ಮೀನಿನ ವಾಸನೆಗೆ ಗಲಾಟೆ’. ಇದನ್ನು ಕನ್ನಡಕ್ಕೆ ತರುತ್ತೇನೆಂದು ‘ಸಮಾಜ’ ಎಂದು ಬರೆದವರನ್ನು ನೋಡಿದ್ದೇನೆ: ‘ಸಮಾಜವು ನೀರು ನಿಲ್ಲಿಸಿದೆ.’ ಓದಿದವರಿಗೆ ಬಹಿಷ್ಕಾರದ ನೆನಪಾಗಬೇಕು! ‘ಸೊಸೈಟಿ’ ಎಂದೇ ಬಿಡಿ. ಅದು ಕನ್ನಡದ ಪದವೇ ಆಗಿದೆ.

ಸಮಾಜವೂ ಸೊಸೈಟಿಯೂ ಒಂದೇ ಆಗಿದ್ದ ಕಾಲವೊಂದಿತ್ತು, ಅದು ನಮ್ಮ ಕರಾವಳಿಗೆ ಸಂಬಂಧಪಟ್ಟದ್ದು. ಕೆನರಾದಿಂದ ಗುಮಾಸ್ತಿಕೆ ಹುಡುಕಿಕೊಂಡು ಬಂದ ಚಿತ್ರಾಪುರ ಸಾರಸ್ವತರಿಗೆ ಈ ಊರಿನಲ್ಲಿ ಮೊದಲ ತೊಂದರೆ ಸಾಲ, ಎರಡನೆಯದು ಮನೆ. ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ಶಾಮರಾವ್ ವಿಠಲ್ ಹೆಸರಿನ ಪತ್ತಿನ ಸೊಸೈಟಿ ಆರಂಭಿಸಿದರು. ಇಂದಿನ ಎಸ್‌ವಿಸಿ ಬ್ಯಾಂಕಿನ ಮೂಲ ಅದು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸೊಸೈಟಿ ಎದ್ದಿತು; ದೇಶದ ಮೊದಲ ವಸತಿ ಸಹಕಾರಿ ಎಂದು ಅದನ್ನೇ ಹೇಳುತ್ತಾರೆ. ತಾರ್‌ದೇವ್‌ನ ತಲ್ಮಕಿವಾಡಿ ಇಂದಿಗೂ ಅವರ ಹೆಸರು ಹೊತ್ತು ನಿಂತಿದೆ. ಅಲ್ಲಿ ಹುಟ್ಟಿನ ಬಾಂಧವ್ಯವೂ ಪಾಲು ಬಂಡವಾಳದ ಸದಸ್ಯತ್ವವೂ ಒಂದೇ ಬಾಗಿಲಿನಿಂದ ಒಳಗೆ ಬಂದವು. ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸುವ ಉಪವಿಧಿ ಕಾನೂನಿಗೆ ವಿರುದ್ಧವಲ್ಲವೆಂದು 2005ರಲ್ಲಿ ಸುಪ್ರೀಂ ಕೋರ್ಟ್ ಅಹಮದಾಬಾದಿನ ಪಾರಸಿ ಸೊಸೈಟಿಯೊಂದರ ಮೊಕದ್ದಮೆಯಲ್ಲಿ ಹೇಳಿದೆ. ಹಾಗಿದ್ದರೂ ಇಂದು ನಮ್ಮಲ್ಲಿ ಬಹುಪಾಲು ಜನ ಇರುವ ಕಟ್ಟಡದಲ್ಲಿ ಮೇಲಿನ ಮನೆಯವರು ಗುಜರಾತಿ, ಕೆಳಗಿನವರು ಮಲಯಾಳಿ. ಅಂಥ ಸೊಸೈಟಿಯ ಅಂಗಳದಲ್ಲಿ ಅರಸಿನ ಕುಂಕುಮ ಇಟ್ಟುಕೊಂಡಾಗ ಸೂಚನಾ ಫಲಕದಲ್ಲಿ ಯಾವ ಪದ ಹಾಕುತ್ತೀರಿ ಎನ್ನುವುದು ಬಹಳ ಮುಖ್ಯ. ‘ಸೊಸೈಟಿಯ ಎಲ್ಲ ಮಹಿಳೆಯರಿಗೆ’ ಎಂದರೆ ಎಲ್ಲ ಮಹಡಿಗಳಿಂದ ಇಳಿದು ಬರುತ್ತಾರೆ, ಹೂವು ಎಲೆ ಅಷ್ಟಕ್ಕೇ ತರಿಸಿ. ‘ಸಮಾಜದ ಮಹಿಳೆಯರಿಗೆ’ ಎಂದರೆ ಮೂರು ಮನೆಯವರು ಬರುತ್ತಾರೆ, ಉಳಿದವರು ಬಾಗಿಲ ಸಂದಿಯಿಂದ ನೋಡುತ್ತಾರೆ.

ಸೊಸೈಟಿಯ ಹೆಸರನ್ನು ಮರಾಠಿ ಫಲಕದಿಂದ ನಕಲು ಮಾಡುವಾಗ ಕೊನೆಯ ಪದದ ಬಗ್ಗೆ ಎಚ್ಚರ. ‘ಸಹಕಾರಿ ಗೃಹನಿರ್ಮಾಣ ಸಂಸ್ಥಾ ಮರ್ಯಾದಿತ’ ಎಂದಿರುತ್ತದೆ. ಮರ್ಯಾದಿತ ಎಂದರೆ ಅಲ್ಲಿ ಹೊಣೆ ಸೀಮಿತವಾದದ್ದು ಎಂದು. ಮರ್ಯಾದಸ್ಥರು ವಾಸಿಸುವ ಕಟ್ಟಡ ಎಂದಲ್ಲ. ಕನ್ನಡದಲ್ಲಿ ಅದಕ್ಕೆ ‘ನಿಯಮಿತ’, ಚಿಕ್ಕದಾಗಿ ‘ನಿ.’ ವಿಳಾಸದಲ್ಲಿ ಅದೂ ಬೇಡ, ಕಟ್ಟಡದ ಹೆಸರಿನ ಮುಂದೆ ‘ಸೊಸೈಟಿ’ ಸಾಕು. ರಿಕ್ಷಾದವನಿಗೆ ತೋರಿಸಬೇಕಾದದ್ದು ಅಷ್ಟೇ.

ಸಂಘಕ್ಕೆ ಯಾವ ಹೆಸರು ಎಂಬ ಪ್ರಶ್ನೆಯೂ ನನ್ನ ಮೇಜಿಗೆ ಬರುತ್ತದೆ. ಹೊಸದಾಗಿ ಕಟ್ಟುವವರು ‘ಸಮಾಜ’ ಎಂದೇ ಇಡಬೇಕು, ಗಾಂಭೀರ್ಯ ಇರುತ್ತದೆ ಎನ್ನುತ್ತಾರೆ. ಹಿರಿಯರು ಏನು ಮಾಡಿದರು ನೋಡಿ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ ಸಮುದಾಯದ ಹೆಸರನ್ನೂ ಕೆಲಸವನ್ನೂ ಹೇಳಿ ‘ಮಂಡಳಿ’ ಎಂದಿತು; ಹುಟ್ಟಿದ್ದು ಯಾರು, ಸೇರಿದ್ದು ಏನು ಎಂಬುದು ಆ ಮೂರು ಪದಗಳಲ್ಲಿ ಬೇರೆ ಬೇರೆಯಾಗಿ ನಿಂತಿದೆ. ಮಾಟುಂಗದಲ್ಲಿರುವ, 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್ ಪ್ರದೇಶವನ್ನು ಹಿಡಿಯಿತು. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಕರ್ನಾಟಕ ಸಂಘ, ಯಾರೂ ಎರಡನ್ನೂ ಕಲಸಲಿಲ್ಲ. ಸಮುದಾಯ ಸಂಘಕ್ಕಿಂತ ದೊಡ್ಡದು. ಸದಸ್ಯತ್ವ ಪಡೆಯದ ಸಾವಿರಾರು ಜನ ಅದರಲ್ಲಿ ಇರುತ್ತಾರೆ. ಸಂಘವನ್ನೇ ಸಮಾಜ ಎಂದು ಕರೆದರೆ, ಸಮಿತಿ ಕೈಗೊಂಡ ತೀರ್ಮಾನವೆಲ್ಲ ‘ಸಮಾಜದ ತೀರ್ಮಾನ’ವಾಗುತ್ತದೆ. ಚುನಾವಣೆಯಲ್ಲಿ ಸೋತ ಬಣದವರು ‘ಸಮಾಜದ್ರೋಹಿ’ಗಳಾಗುವುದಕ್ಕೆ ಆಮೇಲೆ ಹೆಚ್ಚು ದಿನ ಬೇಕಾಗುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಅಂಥ ಸಾಲು ಕಂಡರೆ ‘ಸಮಿತಿ ಬಹುಮತದಿಂದ ತೀರ್ಮಾನಿಸಿತು’ ಎಂದು ತಿದ್ದಿ ಕಳುಹಿಸುತ್ತೇನೆ. ಕೆಲವರು ಮರಳಿ ತಿದ್ದುತ್ತಾರೆ. ಆಗ ಸುಮ್ಮನಿರುತ್ತೇನೆ, ಹಣ ಕೊಡುವವರು ಅವರು.

ಒಂದು ಕಡೆ ಮಾತ್ರ ಸುಮ್ಮನಿರುವುದಿಲ್ಲ: ರಸೀದಿ ಪುಸ್ತಕ ಮತ್ತು ಲೆಟರ್‌ಹೆಡ್. ಅಲ್ಲಿ ಪದ ಭಾವನೆಯ ವಿಷಯವಲ್ಲ, ಕಾಯ್ದೆಯ ವಿಷಯ. ಸಂಘಗಳು ಸಾಮಾನ್ಯವಾಗಿ 1860ರ ಸೊಸೈಟಿಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾಗುತ್ತವೆ. ಕನಿಷ್ಠ ಏಳು ಜನ ಸಹಿ ಹಾಕಬೇಕು. ಮಹಾರಾಷ್ಟ್ರದಲ್ಲಿ ಅದರ ಜೊತೆಗೆ 1950ರ ಸಾರ್ವಜನಿಕ ಟ್ರಸ್ಟ್‌ಗಳ ಕಾಯ್ದೆಯ ನೋಂದಣಿಯೂ ಇರುತ್ತದೆ, ಅದರ ಅಧಿಕಾರಿ ಚಾರಿಟಿ ಕಮಿಷನರ್. ನೀವು ವಾಸಿಸುವ ಕಟ್ಟಡದ ಸೊಸೈಟಿ ಬೇರೆ. ಅದು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಗೆ ಸೇರಿದ್ದು, ಅದರ ದೂರು ದುಮ್ಮಾನ ಹೋಗುವುದು ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಕಚೇರಿಗೆ. ಎರಡನ್ನೂ ‘ಸೊಸೈಟಿ’ ಎಂದು ಕರೆಯುವುದರಿಂದ ಅರ್ಜಿ ಹಿಡಿದು ತಪ್ಪು ಕಚೇರಿಯ ಸಾಲಿನಲ್ಲಿ ನಿಂತವರಿದ್ದಾರೆ. ಹುಟ್ಟಿನ ಸಮಾಜಕ್ಕೆ ನೋಂದಣಿ ಸಂಖ್ಯೆಯೇ ಇರುವುದಿಲ್ಲ, ಆದ್ದರಿಂದ ಅದು ರಸೀದಿ ಕೊಡಲಾರದು. ‘ಸಮಾಜದ ಪರವಾಗಿ ಸ್ವೀಕರಿಸಲಾಗಿದೆ’ ಎಂದು ಅಚ್ಚು ಹಾಕಿಸಿದರೆ ಲೆಕ್ಕ ಪರಿಶೋಧಕರು ಹಣ ಪಡೆದವರು ಯಾರು ಎಂದು ಕೇಳುವುದು ಸಹಜ. ನೋಂದಣಿ ಪತ್ರದಲ್ಲಿ ಇರುವ ಹೆಸರು, ಅದೇ ಕಾಗುಣಿತ, ಕೆಳಗೆ ನೋಂದಣಿ ಸಂಖ್ಯೆ. ಹಾಗಾಗಿ ರಸೀದಿ ಪುಸ್ತಕ ಬೇಕೆಂದು ಬರುವಾಗ ನೋಂದಣಿ ಪತ್ರದ ಪ್ರತಿಯನ್ನೂ ತನ್ನಿ. ಬಾಯಲ್ಲಿ ಹೇಳಿದ ಹೆಸರನ್ನು ನಾನು ಜೋಡಿಸುವುದಿಲ್ಲ.